ಮಳೆಗೆ ರಸ್ತೆಯ ಡಾಂಬರು ಕಿತ್ತುಬರುತ್ತದೆ. ಅಣೆಕಟ್ಟಿನದು ಹೇಗೆ ಉಳಿಯುತ್ತದೆ?

ಪ್ರಶ್ನೆ: ಒಂದು ಮಳೆಗಾಲ ಕಳೆಯುವುದರೊಳಗೆ ನಮ್ಮೂರಿನ ಡಾಂಬರು ರಸ್ತೆ ಗುಂಡಿ ಬೀಳುತ್ತದೆ. ಕೆಲವು ದೇಶಗಳಲ್ಲಿ ನೀರು ತಡೆಯಲು ಅಣೆಕಟ್ಟಿನ ನಡುವೆ ಡಾಂಬರು ಕಾಂಕ್ರೀಟಿನ ಗೋಡೆಯನ್ನೇ ಕಟ್ಟುತ್ತಾರಂತೆ. ಸದಾ ನೀರಿಗೆ ಮೈಯೊಡ್ಡಿರುವ ಆ ಗೋಡೆ ಹಾಳಾಗುವುದಿಲ್ಲವೇ?
– ಓದುಗರೊಬ್ಬರು, ಶಿರಸಿ

ಉತ್ತರ: ಡಾಂಬರಿನಲ್ಲಿ ಜಲ್ಲಿಯನ್ನು ಹಿಡಿದಿಡುವ ಕಪ್ಪು ಅಂಟು, ಅಂದರೆ ಬಿಟುಮೆನ್, ನೀರಿನಲ್ಲಿ ಕರಗುವುದಿಲ್ಲ. ರಸ್ತೆಗೆ ಕೇಡು ಶುರುವಾಗುವುದು ಅದರೊಳಗಿನ ಗಾಳಿಯ ಪೊಳ್ಳುಗಳಲ್ಲಿ. ಮಳೆನೀರು ಅಲ್ಲಿ ನಿಲ್ಲುತ್ತದೆ; ಮೇಲೆ ಲಾರಿ ಹಾದಾಗ ಒತ್ತಡಕ್ಕೆ ಸಿಕ್ಕಿ ಜಲ್ಲಿಗೂ ಬಿಟುಮೆನ್ನಿಗೂ ನಡುವೆ ನುಸುಳುತ್ತದೆ. ಅಂಟು ಬಿಟ್ಟ ಜಲ್ಲಿ ಎದ್ದುಬರುತ್ತದೆ.

ಅಣೆಕಟ್ಟಿನ ಮಿಶ್ರಣದಲ್ಲಿ ಬಿಟುಮೆನ್ ಹೆಚ್ಚು, ತೂಕದಲ್ಲಿ ಸುಮಾರು ಶೇ 6.5ರಿಂದ 7. ನುಣ್ಣನೆಯ ಕಲ್ಲುಪುಡಿಯೂ ಧಾರಾಳ. ರೋಲರ್ ಓಡಿಸಿದ ಮೇಲೆ ಪೊಳ್ಳು ಶೇ 3ಕ್ಕಿಂತ ಕಡಿಮೆ ಉಳಿಯಬೇಕು. ಆಗ ಪೊಳ್ಳುಗಳು ಒಂದಕ್ಕೊಂದು ಕೂಡಿಕೊಳ್ಳುವುದಿಲ್ಲ, ನೀರಿಗೆ ದಾರಿ ಸಿಗುವುದಿಲ್ಲ. ನಾರ್ವೆಯಲ್ಲಿ 1997ರಲ್ಲಿ ಮುಗಿದ ಸ್ಟೋರ್‌ಗ್ಲೋಮ್‌ವಾಟ್ನ್ ಅಣೆಕಟ್ಟಿನ ಎತ್ತರ 125 ಮೀಟರ್. ಅದರ ನಡುಗೋಡೆಯ ದಪ್ಪ ಒಂದು ಮೀಟರಿನೊಳಗೇ! ಕಲ್ಲುರಾಶಿಯ ಒಡಲಲ್ಲಿರುವ ಗೋಡೆಗೆ ಬಿಸಿಲೂ ಇಲ್ಲ, ಚಕ್ರದ ಹೊಡೆತವೂ ಇಲ್ಲ. ಹಾಗಾಗಿ ಬಿಟುಮೆನ್ ಬೇಗ ಗಡುಸಾಗುವುದಿಲ್ಲ.

ಆದರೂ ಕಲ್ಲಿನ ಆಯ್ಕೆಯನ್ನು ಹಗುರವಾಗಿ ಕಾಣಬಾರದು ಎಂಬುದು ನನ್ನ ಗಟ್ಟಿ ಅಭಿಪ್ರಾಯ. ಸುಣ್ಣಕಲ್ಲಿಗೆ ಬಿಟುಮೆನ್ ಬಿಗಿಯಾಗಿ ಹಿಡಿಯುತ್ತದೆ. ನಮ್ಮಲ್ಲಿ ಹೇರಳವಾಗಿರುವ ಗ್ರಾನೈಟಿನಂಥ ಕಲ್ಲುಗಳಲ್ಲಿ ಸಿಲಿಕಾ ಹೆಚ್ಚು. ಅವುಗಳ ಮೈಗೆ ಬಿಟುಮೆನ್ನಿಗಿಂತ ನೀರೇ ಹೆಚ್ಚು ಒಗ್ಗುತ್ತದೆ. ಬಿಟುಮೆನ್ ಸವರಿದ ಜಲ್ಲಿಯನ್ನು ಹತ್ತು ನಿಮಿಷ ನೀರಿನಲ್ಲಿ ಕುದಿಸಿ ಹೊರತೆಗೆದರೆ ಇದು ಕಣ್ಣಿಗೇ ಕಾಣುತ್ತದೆ: ಸುಣ್ಣಕಲ್ಲು ಹೆಚ್ಚುಕಡಿಮೆ ಕಪ್ಪಾಗಿಯೇ ಇರುತ್ತದೆ, ಗ್ರಾನೈಟಿನ ಅಂಚುಗಳಲ್ಲಿ ಕಲ್ಲಿನ ಬೂದುಬಣ್ಣ ಇಣುಕತೊಡಗುತ್ತದೆ. ಕಲ್ಲುಪುಡಿಯ ಒಂದು ಪಾಲಿಗೆ ಬದಲಾಗಿ ಅರಳಿದ ಸುಣ್ಣ ಅಥವಾ ಸಿಮೆಂಟ್ ಬೆರೆಸಿದರೆ ಹಿಡಿತ ಸುಧಾರಿಸುತ್ತದೆ. ಅದಾದ ಮೇಲೂ ಬಿಸಿನೀರಿನಲ್ಲಿ ನೆನೆಸಿದ ಮಿಶ್ರಣದ ತುಂಡಿನ ಬಲವನ್ನು ಒಣ ತುಂಡಿನ ಬಲದೊಂದಿಗೆ ಹೋಲಿಸಿ ನೋಡಲೇಬೇಕು. ದಶಕಗಳ ಕಾಲ ನೀರಿನೊತ್ತಡ ತಾಳಬೇಕಾದ ಗೋಡೆಗೆ ಒಂದೆರಡು ದಿನದ ನೆನೆಸುವಿಕೆ ನನ್ನ ದೃಷ್ಟಿಯಲ್ಲಿ ಸಾಲದು.

ಕೆಲವು ಅಣೆಕಟ್ಟುಗಳಲ್ಲಿ ನೀರಿನ ಕಡೆಯ ಇಳಿಜಾರಿಗೇ ಡಾಂಬರು ಹೊದಿಸುತ್ತಾರೆ. ನೀರು ಇಳಿದಾಗ ಅದು ಬಿಸಿಲಿಗೆ ಬೀಳುತ್ತದೆ, ಬೇಗ ಮುದಿಯಾಗುತ್ತದೆ. ಆದರೆ ಕಣ್ಣೆದುರಿಗೇ ಇರುವುದರಿಂದ ಮೇಲ್ಲೇಪವನ್ನು ಮತ್ತೆ ಬಳಿಯಬಹುದು.

ನಡುಗೋಡೆಗೆ ಆ ಅನುಕೂಲವಿಲ್ಲ. ಅದನ್ನು ಸುಮಾರು 20 ಸೆಂಟಿಮೀಟರಿನ ಪದರಗಳಲ್ಲಿ ಬಿಸಿಬಿಸಿಯಾಗಿ ಹಾಸುತ್ತಾ ಹೋಗುತ್ತಾರೆ, ಆಗಾಗ ಕೊರೆದು ತೆಗೆದ ತುಂಡುಗಳಲ್ಲಿ ಪೊಳ್ಳು ಅಳೆಯುತ್ತಾರೆ. ಮಿತಿ ಮೀರಿದ ಪದರವನ್ನು ಅಲ್ಲೇ ಕಿತ್ತು ಮತ್ತೆ ಹಾಸಬೇಕು. ಜಲಾಶಯ ತುಂಬಿದ ಮೇಲೆ ಅಲ್ಲಿಗೆ ಕೈ ಎಟಕುವುದಿಲ್ಲ.