ಎದುರಾಳಿ 3 ಹಾರ್ಟ್ಸ್ ಅಂದಮೇಲೆ ಸ್ಲ್ಯಾಮ್ (12 ಅಥವಾ 13 ಟ್ರಿಕ್ ಗೆಲ್ಲುವ ಪಣ) ಹುಡುಕುವುದು ಹೇಗೆ?

ವಿರಾಜಪೇಟೆಯಲ್ಲಿ ಮಳೆಗಾಲವಿಡೀ ಬ್ರಿಜ್ ಆಡುವ ನಿಮ್ಮ ನಾಲ್ವರ ಪ್ರಶ್ನೆ: ಎದುರಾಳಿ 3 ಹಾರ್ಟ್ಸ್ ಎಂದು ಪ್ರೀಎಂಪ್ಟ್ ಮಾಡಿದರೆ (ಉದ್ದ ಸೂಟ್ ಹಿಡಿದು ನಮ್ಮ ದಾರಿ ತಡೆಯಲು ಮೊದಲೇ ಎತ್ತರದಲ್ಲಿ ಕೂಗಿದರೆ) 4 ನೋಟ್ರಂಪ್‌ಗೆ (ತುರುಫಿಲ್ಲದ ಕೂಗಿಗೆ) ಏನರ್ಥ?

ಅದು ಹಿಂದಿನ ಬಿಡ್ (ಕೂಗು) ಮೇಲೆ ನಿಂತಿದೆ. ಪಾರ್ಟ್ನರ್ 3 ಸ್ಪೇಡ್ ಅಂದಿದ್ದರೆ ನಿಮ್ಮ 4 ನೋಟ್ರಂಪ್ ಸ್ಪೇಡ್ ತುರುಫು ಎಂದಿಟ್ಟು ಕೀಕಾರ್ಡ್ (ನಾಲ್ಕು ಎಕ್ಕ, ತುರುಫಿನ ರಾಜ) ಎಷ್ಟಿವೆ ಎಂದು ಕೇಳಲಿ. ಅಷ್ಟು ಧೈರ್ಯ ಇಲ್ಲ, ಆದರೆ ಎಲೆ ಚೆನ್ನಾಗಿದೆ ಅಂದರೆ 4 ಹಾರ್ಟ್ಸ್ ಹೇಳಿ. ಎದುರಾಳಿಯ ಸೂಟನ್ನೇ ಹೇಳಿದರೆ "ಸ್ಪೇಡ್ ಒಪ್ಪಿಗೆ, ಸ್ಲ್ಯಾಮ್ ಆಸೆ ಇದೆ" ಎಂದು ಅರ್ಥ. ಸುಮ್ನೆ 4 ಸ್ಪೇಡ್ ಅಂದರೆ ಗೇಮ್ ಸಾಕು, ಸ್ಲ್ಯಾಮ್ ಬೇಡ ಅಂತ. ಎದುರಾಳಿ ನೇರ 4 ಸ್ಪೇಡ್‌ನಲ್ಲಿ ಶುರು ಮಾಡಿದರೆ ಮಾತ್ರ ಬೇರೆ: ಆಗ 4 ನೋಟ್ರಂಪ್ ಎಕ್ಕ ಕೇಳುವುದಿಲ್ಲ, ಎರಡು ಉದ್ದ ಸೂಟ್ ತೋರಿಸುತ್ತದೆ. ಜಾಸ್ತಿ ಜಗಳ ಆಗುವುದು ಇಲ್ಲೇ, ಮೊದಲೇ ಮಾತಾಡಿಕೊಳ್ಳಿ.

ಕೀಕಾರ್ಡ್ ಕೇಳಿದ ಮೇಲೂ ಎದುರಾಳಿಗಳು 5 ಹಾರ್ಟ್ಸ್ ಅಂತ ಮೂಗು ತೂರಿಸಿದರೆ? ಉತ್ತರ ಕೊಡಲು ಡೋಪಿ ಎಂಬ ಪದ್ಧತಿ ಇಟ್ಟುಕೊಳ್ಳಿ. ಡಬಲ್ ಅಂದರೆ ಸೊನ್ನೆ ಕೀಕಾರ್ಡ್, ಪಾಸ್ ಅಂದರೆ ಒಂದು, ಮುಂದಿನ ಬಿಡ್ ಎರಡು. ಅವರ ಬಿಡ್ ನಮ್ಮ ತುರುಫಿನ 5ನೇ ಮಟ್ಟವನ್ನೂ ದಾಟಿದರೆ ಡೆಪೋ ಎಂಬ ಪದ್ಧತಿ: ಡಬಲ್ ಅಂದರೆ ಕೀಕಾರ್ಡ್ ಸಮಸಂಖ್ಯೆ, ಪಾಸ್ ಅಂದರೆ ಬೆಸ.

ಇನ್ನೊಂದು. ಪ್ರೀಎಂಪ್ಟ್ ಮೇಲೆ ಬಿಡ್ ಮಾಡುವವರು ಪಾರ್ಟ್ನರ್ ಬಳಿ ಸುಮಾರು 7 ಪಾಯಿಂಟ್ (ಎಕ್ಕ, ರಾಜ, ರಾಣಿ, ಗುಲಾಮರ ಬೆಲೆ) ಇದೆ ಎಂದು ಮೊದಲೇ ಲೆಕ್ಕ ಹಾಕಿರುತ್ತಾರೆ. ನಿಮ್ಮಲ್ಲಿ 8 ಇದ್ದ ಮಾತ್ರಕ್ಕೆ ಸ್ಲ್ಯಾಮ್‌ಗೆ ಹೊರಡಬೇಡಿ. ಎದುರಾಳಿಯ ಸೂಟ್‌ನಲ್ಲಿ ನಿಮಗೆ ಒಂದೇ ಎಲೆ, ಬೇರೆ ಸೂಟ್‌ಗಳಲ್ಲಿ ಎರಡು ಎಕ್ಕ ಇದ್ದರೆ ಹೊರಡಿ.