ಚಾರ್ಟಿನ ಸಣ್ಣ ಅಕ್ಷರ: ತಪ್ಪು ನಿಮ್ಮ ಕಣ್ಣಿನದಲ್ಲ

ನೀವು ಕೇಳಿದ್ದು ಇಷ್ಟು: ಊರು ಹಾವೇರಿ, ಪೈಲಟ್ ಲೈಸೆನ್ಸಿನ ನ್ಯಾವಿಗೇಶನ್ ಪರೀಕ್ಷೆಗೆ ಓದುತ್ತಿದ್ದೀರಿ. ವಿಮಾನದ ದಾರಿಯ ನಕ್ಷೆ, ಅಂದರೆ ಚಾರ್ಟ್ ಬಿಡಿಸಿದರೆ ಯಾವುದು ವಿಒಆರ್, ಯಾವುದು ಎನ್‌ಡಿಬಿ, ಯಾವ ನಂಬರ್ ಯಾವ ಬೀಕನ್ನಿನದು ಅಂತ ತಿಳಿಯುವುದಿಲ್ಲ. (ವಿಒಆರ್, ಎನ್‌ಡಿಬಿ ಎರಡೂ ನೆಲದ ಮೇಲೆ ನಿಂತು ವಿಮಾನಕ್ಕೆ ದಿಕ್ಕು ತಿಳಿಸುವ ರೇಡಿಯೊ ಬೀಕನ್ನುಗಳು.) ಮೇಜಿನ ಮುಂದೆ ಕೂತಾಗಲೇ ಹೀಗಾದರೆ ಹಾರುವಾಗ ಓದುವುದು ಹೇಗೆ?

ಹಾರುವಾಗ ಓದಬಾರದು. ಓದುವುದೆಲ್ಲ ನೆಲದ ಮೇಲೇ ಮುಗಿದಿರಬೇಕು. ಮೇಲೆ ಹೋದಮೇಲೆ ಓದಿದ್ದು ಸರಿ ಇದೆಯಾ ಅಂತ ತಾಳೆ ನೋಡುವುದಷ್ಟೇ.

ನಮ್ಮದು ಗದಗ. ಅಪ್ಪನದು ಪ್ರೆಸ್ಸು. ಲಗ್ನಪತ್ರಿಕೆಗೆ ಮೊಳೆ ಜೋಡಿಸುವಾಗ ಅಪ್ಪ ಒಂದು ಮಾತು ಹೇಳುತ್ತಿದ್ದರು: "ಮುಹೂರ್ತದ ವೇಳೆ ದೊಡ್ಡದು ಇರ್ಬೇಕೋ, ಮಂದಿ ಬಸ್ಸಿನಾಗ ಕುಂತು ಓದ್ತಾರ." ಚಾರ್ಟ್ ಮಾಡುವವರಿಗೆ ಈ ಅನುಕೂಲ ಇಲ್ಲ. ಹತ್ತು ಲಕ್ಷಕ್ಕೆ ಒಂದರ ಅಳತೆಯ ಚಾರ್ಟಿನಲ್ಲಿ 1 ಸೆಂಟಿಮೀಟರ್ ಅಂದರೆ 10 ಕಿಲೋಮೀಟರ್. ಹುಬ್ಬಳ್ಳಿಗೂ ಧಾರವಾಡಕ್ಕೂ ನಡುವೆ ಸುಮಾರು 2 ಸೆಂಟಿಮೀಟರ್ ಜಾಗ. ಅಷ್ಟರೊಳಗೆ ಊರು, ರಸ್ತೆ, ಗುಡ್ಡದ ಎತ್ತರ, ಬೀಕನ್ನಿನ ವಿವರ ಬರೆದ ಪೆಟ್ಟಿಗೆ ಎಲ್ಲವೂ ಕೂರಬೇಕು. ಹಾಗಾಗಿ ಅಕ್ಷರ ಸಣ್ಣದಾಗುತ್ತದೆ. ನಿಮ್ಮ ಕಣ್ಣಿನ ತಪ್ಪಲ್ಲ.

ಮೊದಲು ನಂಬರ್ ಬಿಡಿ, ಆಕಾರ ನೋಡಿ. ಆರು ಮೂಲೆಯ ಗುರುತು ವಿಒಆರ್. ಅದರ ಸುತ್ತ ಚೌಕ ಇದ್ದರೆ ಜೊತೆಗೆ ದೂರ ಹೇಳುವ ಡಿಎಂಇ ಕೂಡ ಇದೆ. ಚುಕ್ಕೆ ಚುಕ್ಕೆಯ ವೃತ್ತ ಎನ್‌ಡಿಬಿ. ಆಮೇಲೆ ಪೆಟ್ಟಿಗೆಗೆ ಬನ್ನಿ. ಅದರಲ್ಲಿ ಹೆಸರು, ಫ್ರೀಕ್ವೆನ್ಸಿ, ಗುರುತಿನ ಅಕ್ಷರ, ಅದರ ಮೋರ್ಸ್ (ಚುಕ್ಕೆ ಗೆರೆಯ ಸಂಕೇತ) ಇರುತ್ತವೆ. ಬೀಕನ್ ತನ್ನ ಹೆಸರನ್ನು ರೇಡಿಯೊದಲ್ಲಿ ಇದೇ ಸಂಕೇತದ ಸದ್ದಾಗಿ ಹೇಳುತ್ತಿರುತ್ತದೆ. ಒಂದಕ್ಕೊಂದು ತಾಳೆ ಆಗಬೇಕು. ಫ್ರೀಕ್ವೆನ್ಸಿ 108ರಿಂದ 118ರೊಳಗೆ, ದಶಾಂಶ ಚುಕ್ಕೆಯೊಂದಿಗೆ ಇದ್ದರೆ ವಿಒಆರ್. 200, 300ರ ಸುಮಾರಿನ ಮೂರಂಕಿ ಇದ್ದರೆ ಎನ್‌ಡಿಬಿ. ವಿಒಆರ್ ಸುತ್ತಲಿನ ಡಿಗ್ರಿ ಬಳೆ ಕಾಗದದ ಉತ್ತರಕ್ಕಲ್ಲ, ದಿಕ್ಸೂಚಿಯ ಉತ್ತರಕ್ಕೆ ಕೂತಿರುತ್ತದೆ. ನಮ್ಮ ಕಡೆ ಎರಡರ ವ್ಯತ್ಯಾಸ ಒಂದು ಡಿಗ್ರಿಯ ಆಸುಪಾಸು, ಅದಕ್ಕೇ ಕಣ್ಣಿಗೆ ಬೀಳುವುದಿಲ್ಲ. ಆದರೆ ಒಂದು ಡಿಗ್ರಿ ತಪ್ಪಿದರೆ 60 ನಾಟಿಕಲ್ ಮೈಲಿ ಹೋಗುವಷ್ಟರಲ್ಲಿ ಒಂದು ಮೈಲಿ ಪಕ್ಕಕ್ಕೆ ಹೋಗಿರುತ್ತೀರಿ.

ಈಗ ನನ್ನದೇ ತಪ್ಪು ಹೇಳುತ್ತೇನೆ. ಕಲಿಯುವಾಗಿನ ಮಾತು. ಚಾರ್ಟನ್ನು ನೀಟಾಗಿ ಮಡಚಿ ತೊಡೆ ಮೇಲೆ ಇಟ್ಟುಕೊಂಡಿದ್ದೆ. ಮಡಿಕೆ ಸರಿಯಾಗಿ ಒಂದು ಎನ್‌ಡಿಬಿ ಪೆಟ್ಟಿಗೆಯ ಮೇಲೇ ಬಿದ್ದಿತ್ತು. ಹಳೇ ಚಾರ್ಟು, ಮಡಿಕೆಯಲ್ಲಿ ಮಸಿ ಉದುರಿ ಕಾಗದ ಬೆಳ್ಳಗಾಗಿತ್ತು. ಕೊನೆಯ ಅಂಕಿ 8 ಇತ್ತು, ನಾನು 3 ಅಂತ ಓದಿ ಟ್ಯೂನ್ ಮಾಡಿದೆ. ಬೀಕನ್ ಕಡೆ ತೋರಿಸಬೇಕಾದ ಮೀಟರಿನ ಮುಳ್ಳು ಸ್ವಲ್ಪ ಒದ್ದಾಡಿ ಎಡಕ್ಕೆ ನಿಂತಿತು. ನಾನೂ ಎಡಕ್ಕೆ ತಿರುಗಿಸಿದೆ. ಪಕ್ಕದಲ್ಲಿದ್ದ ಇನ್‌ಸ್ಟ್ರಕ್ಟರ್ ಒಂದೇ ಮಾತು ಕೇಳಿದರು: "ಹೆಸರು ಕೇಳಿದ್ಯಾ?" ಕೇಳಿರಲಿಲ್ಲ. ವಾಲ್ಯೂಮ್ ಏರಿಸಿದರೆ ಬರೀ ಗರಗರ, ಅದರ ಹಿಂದೆ ಎಲ್ಲೋ ದೂರದಲ್ಲಿ ಬೇರೆ ಯಾರದೋ ಡಾ-ಡಿ-ಡಿ.

ಇದು ಯಾಕೆ ಅಪಾಯ ಅಂದರೆ, ವಿಒಆರ್ ಸಿಗ್ನಲ್ ಇಲ್ಲದಿದ್ದರೆ ಮೀಟರಿನಲ್ಲಿ ಎಚ್ಚರಿಕೆಯ ಫ್ಲ್ಯಾಗ್ ಬೀಳುತ್ತದೆ. ಎನ್‌ಡಿಬಿ ಹಿಡಿಯುವ ಹಳೇ ಎಡಿಎಫ್ ಮುಳ್ಳಿಗೆ ಅಂಥ ಫ್ಲ್ಯಾಗ್ ಇರುವುದಿಲ್ಲ. ಸಿಡಿಲಿನ ಮೋಡ ಇದ್ದರೆ ಅದು ಆ ಕಡೆಗೂ ಎಳೆಯುತ್ತದೆ. ನಮ್ಮ ಧಾರವಾಡ ಆಕಾಶವಾಣಿ 765 ಕಿಲೋಹರ್ಟ್ಸ್ ಅಲ್ವಾ? ಎಡಿಎಫ್‌ನಲ್ಲಿ ಅದನ್ನು ಹಚ್ಚಿದರೆ ವಾರ್ತೆಯೂ ಕೇಳುತ್ತದೆ, ಮುಳ್ಳೂ ಆ ಟವರಿನ ಕಡೆ ತಿರುಗುತ್ತದೆ. ಮುಳ್ಳಿಗೆ ಬೀಕನ್ ಯಾವುದು, ಹಾಡು ಯಾವುದು ಗೊತ್ತಿಲ್ಲ. ಅದಕ್ಕೇ ಪೆಟ್ಟಿಗೆಯಲ್ಲಿ ಮೋರ್ಸ್ ಅಚ್ಚು ಹಾಕಿರುತ್ತಾರೆ. ಅದನ್ನು ಬಾಯಿಪಾಠ ಮಾಡಬೇಕಿಲ್ಲ. ಕಿವಿಗೆ ಬಿದ್ದದ್ದನ್ನು ಕಣ್ಣಿಗೆ ಕಂಡ ಚುಕ್ಕೆ, ಗೆರೆ ಜೊತೆ ಹೋಲಿಸಿದರೆ ಸಾಕು.

ರಾತ್ರಿ ಹಾರಾಟಕ್ಕೆ ಇನ್ನೊಂದು ಮಾತು. ಅಪ್ಪನ ಪ್ರೆಸ್ಸಿನ ಡಾರ್ಕ್‌ರೂಮಿನಲ್ಲಿ ಕೆಂಪು ದೀಪ ಇತ್ತು. ಒಮ್ಮೆ ಕೆಂಪು ಪೆನ್ನಿನಲ್ಲಿ ಬರೆದ ಚೀಟಿ ಹಿಡಿದು ಒಳಗೆ ಹೋದೆ, ಕೈಯಲ್ಲಿ ಬರೀ ಖಾಲಿ ಕಾಗದ. ಕಾಕ್‌ಪಿಟ್‌ನ ಕೆಂಪು ಬೆಳಕಿನಲ್ಲೂ ಹಾಗೇ ಆಗುತ್ತದೆ. ಅಮೆರಿಕದ ಚಾರ್ಟುಗಳಲ್ಲಿ ಎನ್‌ಡಿಬಿ ಮಜೆಂಟಾ (ನೇರಳೆ ಕೂಡಿದ ಕೆಂಪು) ಬಣ್ಣದಲ್ಲಿರುತ್ತದೆ, ಕೆಂಪು ಟಾರ್ಚ್ ಹಿಡಿದರೆ ಮಸುಕಾಗಿಬಿಡುತ್ತದೆ. ಮಂದ ಬಿಳಿ ಬೆಳಕೇ ವಾಸಿ. ನೀವು ಗುರುತು ಮಾಡಿಕೊಳ್ಳುವುದಿದ್ದರೂ ಕೆಂಪು ಪೆನ್ನು ಬೇಡ.

ಟ್ಯಾಬ್ಲೆಟ್ ಬಂದಮೇಲೆ ಇದೆಲ್ಲ ಯಾಕೆ ಅನ್ನುವವರಿದ್ದಾರೆ. ಝೂಮ್ ಮಾಡಬಹುದು, ನಿಜ. ಆದರೆ ಪೆಟ್ಟಿಗೆ ದೊಡ್ಡದು ಮಾಡಿದರೆ ದಾರಿ ಪರದೆಯಿಂದ ಆಚೆ ಹೋಗುತ್ತದೆ. 1995ರ ಡಿಸೆಂಬರ್ 20ರಂದು ಕೊಲಂಬಿಯಾದ ಕಾಲಿ ಹತ್ತಿರ ಒಂದು ಬೋಯಿಂಗ್ 757 ಬೆಟ್ಟಕ್ಕೆ ಬಡಿದು 163 ಜನರಲ್ಲಿ 159 ಜನ ಸತ್ತರು. ಚಾರ್ಟಿನಲ್ಲಿ ರೋಜೋ ಅನ್ನುವ ಎನ್‌ಡಿಬಿಯ ಗುರುತು ಆರ್ ಅಂತ ಇತ್ತು. ವಿಮಾನದ ಕಂಪ್ಯೂಟರಿಗೆ ಆರ್ ಒತ್ತಿದರೆ ಮೊದಲು ಬಂದದ್ದು ಬೊಗೊಟಾ ಹತ್ತಿರದ ಬೇರೆ ಬೀಕನ್, ರೋಮಿಯೊ. ವಿಮಾನ ಕತ್ತಲಲ್ಲಿ ಎಡಕ್ಕೆ ತಿರುಗಿತು. ಬೇರೆ ತಪ್ಪುಗಳೂ ಕೂಡಿದ್ದವು. ಆದರೆ ಚಾರ್ಟ್ ಒಂದು ಹೆಸರು ಹೇಳಿ, ಕಂಪ್ಯೂಟರ್ ಇನ್ನೊಂದು ಅರ್ಥ ಮಾಡಿಕೊಂಡದ್ದು ನನ್ನನ್ನು ಇವತ್ತಿಗೂ ಕಾಡುತ್ತದೆ. ಎರಡರದ್ದೂ ಗುರುತು ಆರ್, ಅಲ್ಲಿ ಕಿವಿ ಕೂಡ ಕೈಕೊಡುತ್ತಿತ್ತು. ಚಾರ್ಟಿನಲ್ಲಿ ಮೊದಲೇ ಅಳೆದಿಟ್ಟ ದಿಕ್ಕು, ದೂರ ಇದ್ದರೆ ಮಾತ್ರ ಹಿಡಿಯಬಹುದು.

ಹಾಗಾಗಿ ಹೀಗೆ ಮಾಡಿ. ಹಿಂದಿನ ರಾತ್ರಿಯೇ ಚಾರ್ಟ್ ಬಿಡಿಸಿ ಕೂಡಿ. ನಿಮ್ಮ ದಾರಿಯ ಬೀಕನ್ನುಗಳನ್ನಷ್ಟೇ ಒಂದು ಹಾಳೆಗೆ ಇಳಿಸಿ: ಹೆಸರು, ಫ್ರೀಕ್ವೆನ್ಸಿ, ಚುಕ್ಕೆ ಗೆರೆ, ದಿಕ್ಕು, ದೂರ. ಕಪ್ಪು ಸ್ಕೆಚ್ ಪೆನ್ನಿನಲ್ಲಿ, ಬೆರಳಗಲದ ಅಂಕಿಯಲ್ಲಿ ಬರೆಯಿರಿ. ಚಾರ್ಟ್ ಹೊಸದಾ ಅಂತ ತಾರೀಖು ನೋಡಿ, ಈ ಮಾಹಿತಿ 28 ದಿನದ ಲೆಕ್ಕದಲ್ಲಿ ಬದಲಾಗುತ್ತದೆ. ಮಡಿಕೆ ಪೆಟ್ಟಿಗೆ ಮೇಲೆ ಬರದಂತೆ ಮಡಚಿ. ಆಮೇಲೆ ಆ ಹಾಳೆ ಹಿಡಿದು ಹಾವೇರಿಯಿಂದ ಹುಬ್ಬಳ್ಳಿ ಬಸ್ ಹತ್ತಿ, ಕಿಟಕಿ ಪಕ್ಕ ಕೂತು ಓದಿ. ಯಾವ ಅಂಕಿಗೆ ಎರಡನೇ ಸಲ ಕಣ್ಣು ಹಾಯಿಸಬೇಕಾಯಿತೋ ಅದನ್ನು ಮನೆಗೆ ಬಂದು ಇನ್ನೂ ದೊಡ್ಡದಾಗಿ ಬರೆಯಿರಿ.