ಬ್ರಿಟನ್ನಿನಲ್ಲಿ 75 ದಾಟಿದ ಎಲ್ಲರಿಗೂ ಟಿವಿ ಲೈಸನ್ಸ್ (ಬಿಬಿಸಿಗಾಗಿ ಮನೆಮನೆಯವರು ಕಟ್ಟುವ ವಾರ್ಷಿಕ ಶುಲ್ಕ) ಮೊದಲಿನಂತೆ ಉಚಿತವಾಗಬೇಕಲ್ಲವೇ? ಅಮ್ಮನಿಗೆ 77, ಒಬ್ಬರೇ ಇದ್ದಾರೆ, ಪೆನ್ಷನ್ ಕ್ರೆಡಿಟ್ ಬರುವುದಿಲ್ಲ. ಟಿವಿ ತೆಗೆಸಿಬಿಡಲೇ?

ಪೆನ್ಷನ್ ಕ್ರೆಡಿಟ್ ಎಂದರೆ ಕಡಿಮೆ ಆದಾಯದ ಪಿಂಚಣಿದಾರರಿಗೆ ಸರ್ಕಾರ ಸೇರಿಸಿ ಕೊಡುವ ಹಣ; ಅದು ಬರುವ 75 ದಾಟಿದವರಿಗೆ ಈಗಲೂ ಲೈಸನ್ಸ್ ಉಚಿತ. ‘ಪೆನ್ಷನ್ ಕ್ರೆಡಿಟ್ ಬರುವುದಿಲ್ಲ’ ಅಂತ ನಿಮಗೆ ಹೇಳಿದವರು ಯಾರು? ಅರ್ಜಿ ಹಾಕಿ, ಇಲಾಖೆಯಿಂದ ‘ಇಲ್ಲ’ ಎಂಬ ಪತ್ರ ಬಂದಿದೆಯೋ? ಅಥವಾ ವಾರಕ್ಕೆ 227.10 ಪೌಂಡ್ (2025–26ರ ಆದಾಯ ಮಿತಿ) ಎಂಬ ಅಂಕಿ ಎಲ್ಲೋ ಕಣ್ಣಿಗೆ ಬಿದ್ದು, ಅಮ್ಮನ ಆದಾಯ ಅದಕ್ಕಿಂತ ಹೆಚ್ಚಿದೆಯೆಂದು ನೀವೇ ಕೈಬಿಟ್ಟಿರೋ? ಲೆಸ್ಟರ್‌ನಲ್ಲಿರುವ ನಮ್ಮ ದೊಡ್ಡಮ್ಮನ ವಿಷಯದಲ್ಲಿ ನಾವು ಮಾಡಿದ್ದು ಎರಡನೆಯದನ್ನು. ನಿಮ್ಮ ಪ್ರಶ್ನೆಯ ಕೊನೆಯ ಸಾಲು ಓದಿದಾಗ ನೀವೂ ಅದನ್ನೇ ಮಾಡಿದ್ದೀರಿ ಅನ್ನಿಸಿತು. ಹಾಗಾಗಿ ‘ಉಚಿತವಾಗಬೇಕೇ’ ಎಂಬುದಕ್ಕೆ ಆಮೇಲೆ ಬರುತ್ತೇನೆ, ಮೊದಲು ಈ ಲೆಕ್ಕ ನೋಡಿ.

ದೊಡ್ಡಪ್ಪ ತೀರಿಕೊಂಡ ಮೇಲೆ ದೊಡ್ಡಮ್ಮನಿಗೆ ಉಳಿದದ್ದು ಸರ್ಕಾರಿ ಪಿಂಚಣಿ, ದೊಡ್ಡಪ್ಪನ ಕೆಲಸದ ಪಿಂಚಣಿಯ ಒಂದು ಪಾಲು, ಬ್ಯಾಂಕಿನಲ್ಲಿ ಸ್ವಲ್ಪ ಉಳಿತಾಯ. ಎಲ್ಲವನ್ನೂ 2025–26ರ ದರಕ್ಕೆ ಹೊಂದಿಸಿ ಹೇಳುತ್ತೇನೆ. ದರಗಳು ಪ್ರತಿ ಏಪ್ರಿಲ್‌ನಲ್ಲಿ ಬದಲಾಗುವುದರಿಂದ ನೀವು ಕೂಡುವಾಗ ಆ ವರ್ಷದ ಅಂಕಿಯನ್ನೇ ಹಾಕಿಕೊಳ್ಳಿ. ಎರಡೂ ಪಿಂಚಣಿ ಸೇರಿ ವಾರಕ್ಕೆ 232 ಪೌಂಡ್. ಉಳಿತಾಯ 11,300. ಮೊದಲ 10,000ವನ್ನು ಲೆಕ್ಕಕ್ಕೆ ಹಿಡಿಯುವುದಿಲ್ಲ. ಮೇಲಿನ ಪ್ರತಿ 500ಕ್ಕೆ, ಕೊನೆಯ ಚಿಲ್ಲರೆಯನ್ನೂ ಒಂದು ಪೂರ್ತಿ 500 ಎಂದೇ ಹಿಡಿದು, ವಾರಕ್ಕೆ 1 ಪೌಂಡ್ ಆದಾಯವಿದೆ ಎಂದು ಎಣಿಸುತ್ತಾರೆ. ಅಲ್ಲಿಗೆ 1,300ಕ್ಕೆ 3 ಪೌಂಡ್, ಒಟ್ಟು 235. ಒಂಟಿಯಾಗಿರುವವರ ಮಿತಿ 227.10. ‘7.90 ಪೌಂಡ್ ಜಾಸ್ತಿ ಆಯ್ತು, ಬಿಡಿ’ ಎಂದು ಅರ್ಜಿಯನ್ನೇ ಹಾಕಲಿಲ್ಲ.

ತಪ್ಪಿದ್ದು ಇಲ್ಲೇ. 227.10 ಎಂಬುದು ಪೆನ್ಷನ್ ಕ್ರೆಡಿಟ್‌ನ ಒಂದು ಭಾಗದ, ಅಂದರೆ ಗ್ಯಾರಂಟಿ ಕ್ರೆಡಿಟ್‌ನ ಮಿತಿ. ಇನ್ನೊಂದು ಭಾಗವಿದೆ, ಸೇವಿಂಗ್ಸ್ ಕ್ರೆಡಿಟ್. ಅದು 2016ರ ಏಪ್ರಿಲ್ 6ಕ್ಕಿಂತ ಮೊದಲೇ ಪಿಂಚಣಿ ವಯಸ್ಸು ಮುಟ್ಟಿದವರಿಗೆ ಮಾತ್ರ: ಗಂಡಸರಾದರೆ 1951ರ ಏಪ್ರಿಲ್ 6ಕ್ಕೆ ಮೊದಲು, ಹೆಂಗಸರಾದರೆ 1953ರ ಏಪ್ರಿಲ್ 6ಕ್ಕೆ ಮೊದಲು ಹುಟ್ಟಿದವರು. 77 ಆಗಿರುವ ನಿಮ್ಮ ತಾಯಿಯವರು ಇದರೊಳಗೆ ಬರುತ್ತಾರೆ. ಲೆಕ್ಕ ಹೀಗೆ. 198.27ಕ್ಕಿಂತ ಮೇಲಿನ ಆದಾಯಕ್ಕೆ, 227.10ರವರೆಗೆ, ಪೌಂಡ್‌ಗೆ 60 ಪೆನ್ಸ್ ಸೇರುತ್ತದೆ. ಗರಿಷ್ಠ 17.30. ಆದಾಯ 227.10 ದಾಟಿದರೆ ದಾಟಿದ ಪ್ರತಿ ಪೌಂಡ್‌ಗೆ 40 ಪೆನ್ಸ್ ಕಳೆಯುತ್ತದೆ. ದೊಡ್ಡಮ್ಮನದು 7.90 ಹೆಚ್ಚು, ಕಳೆಯುವುದು 3.16, ಕೈಗೆ ಬರಬೇಕಾದದ್ದು ವಾರಕ್ಕೆ 14.14. ಅಂದರೆ ವರ್ಷಕ್ಕೆ ಸುಮಾರು 735 ಪೌಂಡ್. ಉಚಿತ ಲೈಸನ್ಸ್‌ಗೆ ಗ್ಯಾರಂಟಿಯೇ ಆಗಬೇಕೆಂದಿಲ್ಲ, ಪೆನ್ಷನ್ ಕ್ರೆಡಿಟ್‌ನ ಯಾವ ಭಾಗ ಬಂದರೂ ಸಾಕು. ಹೀಗೆ ನೋಡಿದರೆ ಒಂಟಿ ವ್ಯಕ್ತಿಗೆ ಬಾಗಿಲು ಮುಚ್ಚುವುದು 227ಕ್ಕಲ್ಲ, ಹೆಚ್ಚು ಕಡಿಮೆ 270ಕ್ಕೆ.

ಇದರ ಬೆನ್ನಿಗೇ ಇನ್ನೂ ದೊಡ್ಡದೊಂದು ಇತ್ತು. ದೊಡ್ಡಮ್ಮನಿಗೆ ಮಂಡಿನೋವು, ಸ್ನಾನಕ್ಕೆ ಆಸರೆ ಬೇಕು, ಕುಪ್ಪಸದ ಗುಂಡಿ ಹಾಕಿಕೊಳ್ಳಲಾಗುವುದಿಲ್ಲ. ಇಂಥವರಿಗೆ ಅಟೆಂಡೆನ್ಸ್ ಅಲೊವೆನ್ಸ್ ಇದೆ. ಹಗಲು ಅಥವಾ ರಾತ್ರಿ ನೆರವು ಬೇಕಾದರೆ ವಾರಕ್ಕೆ 73.90 ಪೌಂಡ್, ಎರಡೂ ಹೊತ್ತು ಬೇಕಾದರೆ 110.40. ಅದಕ್ಕೆ ಆದಾಯ, ಉಳಿತಾಯ ಯಾವುದನ್ನೂ ಕೇಳುವುದಿಲ್ಲ. ಪೆನ್ಷನ್ ಕ್ರೆಡಿಟ್ ಲೆಕ್ಕದಲ್ಲೂ ಅದನ್ನು ಆದಾಯವೆಂದು ಹಿಡಿಯುವುದಿಲ್ಲ. ಬದಲಿಗೆ, ಅದು ಮಂಜೂರಾದ ಮೇಲೆ ಮನೆಯಲ್ಲಿ ಒಬ್ಬರೇ ಇರುವವರ ಮಿತಿಗೇ 82.90 ಕೂಡುತ್ತದೆ. 227.10 ಇದ್ದದ್ದು 310 ಆಯಿತು. ದೊಡ್ಡಮ್ಮನ 235ಕ್ಕೂ 310ಕ್ಕೂ ನಡುವಿನ 75 ಪೌಂಡ್ ಗ್ಯಾರಂಟಿಯಾಗಿ, ಮೇಲೆ 17.30 ಸೇವಿಂಗ್ಸ್ ಕ್ರೆಡಿಟ್, ಒಟ್ಟು ವಾರಕ್ಕೆ 92.30. ಅಲೊವೆನ್ಸ್ ಮಂಜೂರಾದ ಪತ್ರವನ್ನು ಫೈಲಿಗೆ ಹಾಕಿಟ್ಟು, ‘ಆಗಲೇ ನೋಡಿದ್ದೀವಲ್ಲ, ಪೆನ್ಷನ್ ಕ್ರೆಡಿಟ್ ಇವರಿಗಿಲ್ಲ’ ಎಂದು ಸುಮ್ಮನಿದ್ದೆವು. ಪೆನ್ಷನ್ ಕ್ರೆಡಿಟ್ ಹಿಂದಕ್ಕೆ ಸಿಗುವುದು 3 ತಿಂಗಳಷ್ಟೇ. ಅದಕ್ಕಿಂತ ಹಳೆಯದು ಹೋಯಿತು, ಮೇಲ್ಮನವಿ ಹಾಕಿದರೂ ಮರಳುವುದಿಲ್ಲ. ಲೈಸನ್ಸ್‌ನ 174.50ಕ್ಕಾಗಿ ಕೊರಗುತ್ತ, ವರ್ಷಕ್ಕೆ 4,800 ಪೌಂಡ್ ಬಿಟ್ಟುಕೊಟ್ಟಂತಾಯಿತು.

ಈ 82.90ಕ್ಕೆ ಎರಡು ಅಡ್ಡಿಗಳಿವೆ, ನಮ್ಮವರ ಮನೆಗಳಲ್ಲಿ ಎರಡೂ ಸಾಮಾನ್ಯ. ಮಗನೋ ಮಗಳೋ ಅದೇ ಮನೆಯಲ್ಲಿ ವಾಸವಿದ್ದರೆ ಸಾಮಾನ್ಯವಾಗಿ ಅದು ಸಿಗುವುದಿಲ್ಲ. ನೋಡಿಕೊಳ್ಳುವವರು ಅವರ ಹೆಸರಿನಲ್ಲಿ ಕೇರರ್ಸ್ ಅಲೊವೆನ್ಸ್ ಪಡೆಯುತ್ತಿದ್ದರೂ ಹೋಗುತ್ತದೆ. ಕೇರರ್ಸ್ ಅಲೊವೆನ್ಸ್ ಅರ್ಜಿಗೆ ಸಹಿ ಮಾಡುವ ಮೊದಲು ಎರಡನ್ನೂ ಪಕ್ಕಪಕ್ಕ ಇಟ್ಟು ಕೂಡಿ ನೋಡಿ.

ಈಗ ನಿಮ್ಮ ಮೂಲ ಪ್ರಶ್ನೆ. 2000ದ ನವೆಂಬರ್‌ನಿಂದ 75 ದಾಟಿದವರಿಗೆಲ್ಲ ಲೈಸನ್ಸ್ ಉಚಿತವಿತ್ತು, ಹಣ ಸರ್ಕಾರ ಕೊಡುತ್ತಿತ್ತು. 2015ರ ಒಪ್ಪಂದದಲ್ಲಿ ಸರ್ಕಾರ ಆ ಹೊರೆಯನ್ನು ಹಂತಹಂತವಾಗಿ ಬಿಬಿಸಿಯ ಮೇಲೆ ಹಾಕಿತು. ಯಾರಿಗೆ ಉಚಿತ ಎಂದು ತೀರ್ಮಾನಿಸುವ ಅಧಿಕಾರವೂ 2017ರ ಕಾನೂನಿನಿಂದ ಬಿಬಿಸಿಗೇ ಹೋಯಿತು. ಎಲ್ಲರಿಗೂ ಮುಂದುವರಿಸಿದರೆ 2021–22ರ ಹೊತ್ತಿಗೆ 74.5 ಕೋಟಿ ಪೌಂಡ್ ಬೇಕಾಗುತ್ತದೆ ಎಂದು ಹೇಳಿ, 2020ರ ಆಗಸ್ಟ್ 1ರಿಂದ ಪೆನ್ಷನ್ ಕ್ರೆಡಿಟ್ ಇರುವ ಮನೆಗಳಿಗೆ ಮಾತ್ರ ಎಂದು ಬಿಬಿಸಿ ಕಡಿತ ಮಾಡಿತು.

ಎಲ್ಲರಿಗೂ ಉಚಿತವಾಗಬೇಕು ಎಂದು ನಾನು ಹೇಳುವುದಿಲ್ಲ. ದೊಡ್ಡ ಮನೆ, ದೊಡ್ಡ ಪಿಂಚಣಿ ಇರುವ 76ರ ನಿವೃತ್ತ ವೈದ್ಯರಿಗೆ ಉಚಿತ ಕೊಟ್ಟು, ಮೂರು ಮಕ್ಕಳ ಒಂಟಿ ತಾಯಿಯಿಂದ ಪೂರ್ತಿ ಶುಲ್ಕ ವಸೂಲು ಮಾಡುವುದು ನ್ಯಾಯವಲ್ಲ. ವಯಸ್ಸಾದವರಿಗೆ ಸಹಾಯ ಮಾಡುವುದು ಸರ್ಕಾರದ ಕೆಲಸ, ಅದರ ಖರ್ಚನ್ನು ಪ್ರಸಾರ ಸಂಸ್ಥೆಯ ತಲೆಗೆ ಕಟ್ಟಿದ್ದೂ ಸರಿಯಲ್ಲ. ಆದರೆ ಹಳೆಯ ಪದ್ಧತಿಗೆ ಒಂದು ಗುಣವಿತ್ತು: ಹುಟ್ಟಿದ ದಿನಾಂಕ ಹೇಳಿದರೆ ಸಾಕಿತ್ತು. ಈಗಿನದು ‘ಬಡವರಿಗೆ ಮಾತ್ರ’ ಎಂದು ಹೇಳಿಕೊಂಡರೂ, ತಲುಪುತ್ತಿರುವುದು ಅರ್ಜಿ ತುಂಬಿದ ಬಡವರಿಗೆ ಮಾತ್ರ. ಪೆನ್ಷನ್ ಕ್ರೆಡಿಟ್‌ಗೆ ಅರ್ಹರಾದವರಲ್ಲಿ ಸುಮಾರು ಮೂರರಲ್ಲೊಂದು ಪಾಲು ಕೇಳಿಕೊಂಡೇ ಇಲ್ಲ. ಅವರಲ್ಲಿ 75 ದಾಟಿದವರು ಪೆನ್ಷನ್ ಕ್ರೆಡಿಟ್ಟನ್ನೂ ಕಳೆದುಕೊಂಡು ಲೈಸನ್ಸ್‌ಗೂ ದುಡ್ಡು ಕಟ್ಟುತ್ತಿದ್ದಾರೆ. ಪಿಂಚಣಿಯ ಅಂಕಿ ಸರ್ಕಾರದ ಕೈಯಲ್ಲೇ ಇದೆ, ಸಂಬಳದಿಂದ ಹಿಡಿಯುವ ತೆರಿಗೆಯ ಅಂಕಿಯೂ ಇದೆ. ಅರ್ಹರೆಂದು ಕಂಡವರಿಗೆ ತಾನಾಗಿಯೇ ಮಂಜೂರು ಮಾಡಿ ಎಂದು ನಿಮ್ಮ ಎಂಪಿಗೆ ಬರೆಯಿರಿ. ಬಿಬಿಸಿಯ ಈಗಿನ ಸನ್ನದು 2027ರ ಡಿಸೆಂಬರ್ ಕೊನೆಗೆ ಮುಗಿಯುವುದರಿಂದ ಬರೆಯುವ ಕಾಲವೂ ಇದೇ.

ನಮ್ಮವರು ಎಡವುವ ಜಾಗಗಳು ಬೇರೆಯೇ ಇವೆ. ಚಳಿಗಾಲಕ್ಕೆ ಮೂರು ತಿಂಗಳು ಮೈಸೂರಿಗೋ ಧಾರವಾಡಕ್ಕೋ ಹೋಗಿ ಬರುವ ರೂಢಿ ಇದ್ದರೆ ಎಚ್ಚರ. 4 ವಾರಕ್ಕಿಂತ ಹೆಚ್ಚು ಹೊರದೇಶದಲ್ಲಿರುವ ಪ್ರವಾಸವಾದರೆ ಪೆನ್ಷನ್ ಕ್ರೆಡಿಟ್ ನಿಲ್ಲುತ್ತದೆ (ಹತ್ತಿರದವರ ಸಾವು, ವೈದ್ಯಕೀಯ ಚಿಕಿತ್ಸೆಗೆ ಬೇರೆ ಮಿತಿಗಳಿವೆ). ಹೋಗುವ ಮೊದಲೇ ಇಲಾಖೆಗೆ ತಿಳಿಸಬೇಕು, ಬಂದ ಮೇಲೆ ಹೊಸ ಅರ್ಜಿ. ಹೇಳದೆ ಹೋದರೆ ಆಮೇಲೆ ಹಣ ವಾಪಸು ಕೇಳುತ್ತಾರೆ. ಪೆನ್ಷನ್ ಕ್ರೆಡಿಟ್ ನಿಂತರೆ ಲೈಸನ್ಸ್‌ನವರಿಗೂ ತಿಳಿಸಬೇಕು. ಊರಿನ ಬ್ಯಾಂಕಿನ ಎಫ್‌ಡಿ, ಬಾಡಿಗೆಗೆ ಕೊಟ್ಟ ಮನೆ, ಖಾಲಿ ಸೈಟು ಎಲ್ಲವೂ ಉಳಿತಾಯವೆಂದೇ ಲೆಕ್ಕ. ‘ಅದು ಇಂಡಿಯಾದಲ್ಲಿದೆ’ ಎಂಬ ಮಾತು ನಡೆಯುವುದಿಲ್ಲ. ಹಾಗೆಂದು ಹೆದರಿ ಅರ್ಜಿ ಬಿಡಲೂಬೇಡಿ, ಉಳಿತಾಯಕ್ಕೆ ಇಷ್ಟೇ ಇರಬೇಕೆಂಬ ಮೇಲ್ಮಿತಿಯಿಲ್ಲ. ಇನ್ನು, ಮಕ್ಕಳು ಹೊಣೆ ಬರೆದುಕೊಟ್ಟು ಅವಲಂಬಿತ ವೀಸಾದಲ್ಲಿ ಕರೆಸಿಕೊಂಡ ತಂದೆ–ತಾಯಿಯಾದರೆ 5 ವರ್ಷ ಪೆನ್ಷನ್ ಕ್ರೆಡಿಟ್ ಕೇಳುವಂತಿಲ್ಲ. ಕೇಳಿದರೆ ತೊಂದರೆಯಾಗಬಹುದು. ಅವರು ನಿಮ್ಮ ಮನೆಯಲ್ಲೇ ಇದ್ದರೆ ನಿಮ್ಮ ಲೈಸನ್ಸ್ ಸಾಕು, ಲೈಸನ್ಸ್ ತಲೆಗಲ್ಲ, ಮನೆಗೆ.

ಟಿವಿ ತೆಗೆಸಿಬಿಡಲೇ ಎಂದು ಕೇಳಿದ್ದೀರಿ. ಟಿವಿ ಇಟ್ಟುಕೊಂಡದ್ದಕ್ಕೆ ಲೈಸನ್ಸ್ ಬೇಕಿಲ್ಲ, ನೋಡುವ ಬಗೆಗೆ ಬೇಕು. ಯಾವುದೇ ವಾಹಿನಿಯನ್ನು ನೇರಪ್ರಸಾರದಲ್ಲಿ ನೋಡಿದರೆ, ರೆಕಾರ್ಡ್ ಮಾಡಿದರೆ, ಬಿಬಿಸಿ ಐಪ್ಲೇಯರ್‌ನಲ್ಲಿ ಏನು ನೋಡಿದರೂ ಬೇಕು. ಅಂತರ್ಜಾಲದ ಪೆಟ್ಟಿಗೆಯಲ್ಲಿ ಬೆಂಗಳೂರಿನ ಸುದ್ದಿವಾಹಿನಿಯನ್ನು ನೇರವಾಗಿ ನೋಡುವುದೂ ಇದರಲ್ಲಿ ಬಂತು. ಇದನ್ನು ಬಹಳ ಜನ ತಪ್ಪು ತಿಳಿದಿದ್ದಾರೆ. ನೆಟ್‌ಫ್ಲಿಕ್ಸ್‌ನ ಸಿನಿಮಾ, ಯೂಟ್ಯೂಬಿಗೆ ಮೊದಲೇ ಏರಿಸಿಟ್ಟ ಹಳೆಯ ಧಾರಾವಾಹಿ, ಯಕ್ಷಗಾನ ಇವಿಷ್ಟೇ ಆದರೆ ಬೇಡ, ‘ಅಗತ್ಯವಿಲ್ಲ’ ಎಂದು ತಿಳಿಸಿದರೆ ಆಯಿತು. ಆದರೆ ಒಬ್ಬರೇ ಇರುವ ನಿಮ್ಮ ಅಮ್ಮನವರಿಂದ ಸಂಜೆಯ ಟಿವಿ ಕಿತ್ತುಕೊಳ್ಳಬೇಡಿ. ತೀವ್ರ ದೃಷ್ಟಿದೋಷವೆಂದು ವೈದ್ಯರ ಪ್ರಮಾಣಪತ್ರ ಇರುವವರಿಗೆ ಅರ್ಧ ಶುಲ್ಕ (2025–26ರಲ್ಲಿ 87.25 ಪೌಂಡ್). ಏನೂ ಸಿಗದಿದ್ದರೂ ಕಂತಿನಲ್ಲಿ ಕಟ್ಟಬಹುದು.

ಮಾಡಬೇಕಾದ್ದು ಈ ಕ್ರಮದಲ್ಲಿ. ಮೊದಲು ಅಟೆಂಡೆನ್ಸ್ ಅಲೊವೆನ್ಸ್ ಫಾರಂಗೆ ಫೋನ್ ಮಾಡಿ ತರಿಸಿ. ಕೇಳಿದ ದಿನದ ಮುದ್ರೆ ಹಾಕಿ ಕಳಿಸುತ್ತಾರೆ, 6 ವಾರದೊಳಗೆ ತುಂಬಿ ಕಳಿಸಿದರೆ ಆ ದಿನದಿಂದಲೇ ಲೆಕ್ಕ. ಫಾರಂನಲ್ಲಿ ನಮ್ಮ ಹಿರಿಯರು ‘ಹೇಗೋ ನಾನೇ ಮಾಡಿಕೊಳ್ತೀನಿ’ ಎಂದು ಬರೆಸಿ ಕೆಡಿಸುತ್ತಾರೆ. ಕೇಳಿರುವುದು ಯಾರಾದರೂ ಸಹಾಯ ಮಾಡುತ್ತಿದ್ದಾರೆಯೇ ಎಂದಲ್ಲ, ಸಹಾಯ ಬೇಕೇ ಎಂದು. ಸ್ನಾನದ ತೊಟ್ಟಿ ಹತ್ತುವುದು, ರಾತ್ರಿ ಎದ್ದು ಹೋಗುವಾಗ ಗೋಡೆ ಹಿಡಿಯುವುದು, ಮಾತ್ರೆ ಮರೆಯುವುದು, ವಾರಕ್ಕೆ ಎಷ್ಟು ಸಲ ಎಂದು ಬರೆಯಿರಿ. ಅದರ ಉತ್ತರಕ್ಕೆ ಕಾಯದೆ ಪೆನ್ಷನ್ ಕ್ರೆಡಿಟ್‌ಗೆ 0800 99 1234ಕ್ಕೆ ಕರೆ ಮಾಡಿ. ನ್ಯಾಷನಲ್ ಇನ್ಶೂರೆನ್ಸ್ ನಂಬರ್, ಪ್ರತಿ ಪಿಂಚಣಿಯ ಇತ್ತೀಚಿನ ಪತ್ರ, ಎಲ್ಲ ಖಾತೆಗಳ ಬಾಕಿ, ಬ್ಯಾಂಕ್ ವಿವರ ಮುಂದಿರಲಿ. 3 ತಿಂಗಳು ಹಿಂದಿನಿಂದ ಕೊಡಿ ಎಂದು ಬಾಯಿಬಿಟ್ಟು ಕೇಳಿ, ಸೇವಿಂಗ್ಸ್ ಕ್ರೆಡಿಟ್ಟನ್ನೂ ಲೆಕ್ಕ ಹಾಕಿದರೇ ಎಂದು ಕೇಳಿ. ಈಗ ‘ಇಲ್ಲ’ ಎಂದರೂ, ಅಲೊವೆನ್ಸ್ ಮಂಜೂರಾದ ವಾರವೇ ಮತ್ತೆ ಹಾಕಿ.

ಪೆನ್ಷನ್ ಕ್ರೆಡಿಟ್ ಪತ್ರ ಬಂದ ಮೇಲೆ ಲೈಸನ್ಸ್‌ಗೆ ಬೇರೆಯೇ ಅರ್ಜಿ, ಅದು ತಾನಾಗಿ ಬರುವುದಿಲ್ಲ. ಲೈಸನ್ಸ್ 75 ದಾಟಿದವರ ಹೆಸರಿನಲ್ಲಿರಬೇಕು. ನಿಮ್ಮ ತಂದೆಯ ಹೆಸರಿನಲ್ಲೇ ಇನ್ನೂ ಇದ್ದರೆ ಮೊದಲು ಬದಲಿಸಿ. ಉಚಿತ ಲೈಸನ್ಸ್ ಬಂದದ್ದು ಖಾತ್ರಿಯಾಗುವ ತನಕ ಡೈರೆಕ್ಟ್ ಡೆಬಿಟ್ ನಿಲ್ಲಿಸಬೇಡಿ, ನಿಲ್ಲಿಸಿದರೆ ಎಚ್ಚರಿಕೆಯ ಪತ್ರಗಳು ಶುರುವಾಗಿ ಅಮ್ಮ ಗಾಬರಿಯಾಗುತ್ತಾರೆ. ಕರೆ ಮಾಡುವ ದಿನ ಅವರ ಪಕ್ಕದಲ್ಲೇ ಕುಳಿತು ಮಾಡಿ. ‘ಮಗನ ಜೊತೆ ಮಾತಾಡಿ’ ಎಂದು ಅವರೇ ಒಂದು ಮಾತು ಹೇಳಿದರೆ ಉಳಿದದ್ದನ್ನು ನೀವು ಮಾತಾಡಬಹುದು.